ಪಿಎಚ್.ಡಿ.ಗೆ ಯಾವ ವಿಷಯ? ಕಲಬುರಗಿ, ಬೀದರ್, ಯಾದಗಿರಿಯ ವಿದ್ಯಾರ್ಥಿಗಳಿಗೊಂದು ಹೋಲಿಕೆ

ಎಂ.ಎ., ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಹೊರಟವರು ಕೇಳುವ ಪ್ರಶ್ನೆಗಳು ಬಹುತೇಕ ಒಂದೇ ಆಗಿರುತ್ತವೆ. ಮಾರ್ಗದರ್ಶಕರು ಯಾವ ವಿಷಯಕ್ಕೆ ಬೇಗ ಸಿಗುತ್ತಾರೆ? ಕೆಲಸ ಯಾವುದರಲ್ಲಿದೆ? ವಿಜ್ಞಾನಕ್ಕೆ ಬೆಲೆ ಹೆಚ್ಚೋ, ಮಾನವಿಕಕ್ಕೋ? ಕಲಬುರಗಿಯ ಪದವಿ ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಬಳಿ ಹೀಗೆ ಕೇಳಿಕೊಂಡು ಬರುವವರಿಗೆ ನಾನು ಮೊದಲು ಬೇರೊಂದು ಪ್ರಶ್ನೆ ಹಾಕುತ್ತೇನೆ. ನಿಮ್ಮ ಪುರಾವೆ ಎಲ್ಲಿದೆ, ಅದು ನಿಮ್ಮ ಕೈಗೆ ಯಾವಾಗ ಸಿಗುತ್ತದೆ?

ಹೊಲದಲ್ಲಿರುವ ಪುರಾವೆ ಮಳೆಗಾಲದವರೆಗೆ ಕಾಯಿಸುತ್ತದೆ. ಪ್ರಯೋಗಾಲಯದಲ್ಲಿರುವುದು ಯಂತ್ರದ ಸರದಿಗಾಗಿ ಕಾಯಿಸುತ್ತದೆ. ದಫ್ತರದಲ್ಲಿ, ಅಂದರೆ ಹಳೆಯ ಸರ್ಕಾರಿ ಕಾಗದಪತ್ರಗಳಲ್ಲಿ, ಇರುವುದು ನೀವು ಲಿಪಿ, ಭಾಷೆ ಕಲಿತು ಬರುವ ತನಕ ಬಾಯಿ ಬಿಡುವುದಿಲ್ಲ. ಜನರ ನೆನಪಿನಲ್ಲಿರುವುದು ಅವರಿಗೆ ನಿಮ್ಮ ಮೇಲೆ ವಿಶ್ವಾಸ ಮೂಡಿದ ಮೇಲಷ್ಟೇ ಹೊರಬರುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಾವಳಿಯ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಇನ್ನೂ 2 ವರ್ಷ ಸಿಗಬಹುದು. ಈ ಅವಧಿಯೊಳಗೆ ಪುರಾವೆ ಎಷ್ಟು ಸಲ ಕೈಗೆ ಬರುತ್ತದೆ ಎಂಬ ಲೆಕ್ಕ ವಿಷಯದಿಂದ ವಿಷಯಕ್ಕೆ ಬಹಳ ಬದಲಾಗುತ್ತದೆ. ಬೇರೆಲ್ಲ ಹೋಲಿಕೆಗಿಂತ ಇದನ್ನು ಮೊದಲು ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಓದಲು ಊರು ಬಿಟ್ಟು ಹೋಗಲೇಬೇಕೆಂದೇನೂ ಇಲ್ಲ. ಗುಲಬರ್ಗಾ ವಿಶ್ವವಿದ್ಯಾಲಯ 1980ರಿಂದ ಇದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಹುಟ್ಟಿದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಾಲೇಜುಗಳು ಕಲಬುರಗಿಯಲ್ಲೂ ಯಾದಗಿರಿ ಜಿಲ್ಲೆಯ ಭೀಮರಾಯನಗುಡಿಯಲ್ಲೂ ಇವೆ. ಖಾಸಗಿ ವಿಶ್ವವಿದ್ಯಾಲಯಗಳು ಬೇರೆ.

ತೊಗರಿ ಹೊಲ: ವರ್ಷಕ್ಕೆ ಒಂದೇ ಅವಕಾಶ

ಕೃಷಿ ವಿಜ್ಞಾನದಿಂದಲೇ ಶುರು ಮಾಡೋಣ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಗುಲ್ಬರ್ಗಾ ತೊಗರಿ ಬೇಳೆಯ ನಾಡಿದು. ತೊಗರಿಯ ಮೇಲೆ ಸಂಶೋಧನೆ ಮಾಡುವವರಿಗೆ ಹೊಲ, ರೈತ, ಸಮಸ್ಯೆ ಮೂರೂ ಮನೆ ಬಾಗಿಲಲ್ಲೇ ಇವೆ. ಆದರೆ ತೊಗರಿ ಮುಂಗಾರಿಗೆ ಬಿತ್ತಿದರೆ ಕೈಗೆ ಬರುವುದು ಡಿಸೆಂಬರ್ ಅಥವಾ ಜನವರಿಗೆ. ಮೊದಲ ವರ್ಷದ ಬಹುಭಾಗ ತರಗತಿಯ ಪಾಠ, ಪರೀಕ್ಷೆಗಳ ಕೋರ್ಸ್‌ವರ್ಕ್‌ಗೆ ಹೋದರೆ ಉಳಿಯುವುದು ಎರಡು ಹಂಗಾಮು. ಅದರಲ್ಲಿ ಒಂದು ಬರಕ್ಕೋ ಅತಿವೃಷ್ಟಿಗೋ ಹೋದರೆ ನಾಲ್ಕನೆಯ ವರ್ಷ ಖಂಡಿತ.

ಮಣ್ಣಿನ ಶಿಲೀಂಧ್ರದಿಂದ ಗಿಡ ಬಾಡಿ ಸಾಯುವ ನೆಟೆ ರೋಗದ ಕೆಲಸ ಹೇಗಿರುತ್ತದೆಂದು ಹತ್ತಿರದಿಂದ ನೋಡಬೇಕು. ರೋಗಕ್ಕೆ ತಡೆ ಇರುವ ತಳಿ ಹುಡುಕುವವರು ರೋಗವಿರುವ ಮಣ್ಣನ್ನೇ ಬೆಳೆಸಿಕೊಳ್ಳುತ್ತಾರೆ. ನೆಟೆ ಹಿಡಿದು ಸತ್ತ ಗಿಡಗಳ ಕಡ್ಡಿಯನ್ನು ವರ್ಷ ವರ್ಷವೂ ಅದೇ ತಾಕಿಗೆ ಸೇರಿಸುತ್ತಾರೆ. ಶಿಲೀಂಧ್ರ ಮಣ್ಣಿನಲ್ಲಿ ಚೆನ್ನಾಗಿ ನೆಲೆಸಿದ ಮೇಲೆ ಪರೀಕ್ಷೆಯ ತಳಿಗಳನ್ನು ಸಾಲಾಗಿ ಬಿತ್ತಿ, ನಡುನಡುವೆ ರೋಗಕ್ಕೆ ಸುಲಭವಾಗಿ ತುತ್ತಾಗುವ ತಳಿಯೊಂದನ್ನು ಹಾಕುತ್ತಾರೆ. ಆ ತಳಿ ಪೂರ್ತಿ ಸತ್ತರೆ ಮಾತ್ರ ಮಣ್ಣಿನಲ್ಲಿ ರೋಗ ಇದೆಯೆಂದು, ಪಕ್ಕದಲ್ಲಿ ಬದುಕಿದ ಗಿಡಕ್ಕೆ ನಿಜವಾಗಿ ತಡೆಶಕ್ತಿ ಇದೆಯೆಂದು ಹೇಳಬಹುದು. ಗಿಡ ಬಾಡತೊಡಗಿದಾಗ ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿಯೊಂದು ಹತ್ತುತ್ತದೆ. ಕಾಂಡ ಸೀಳಿದರೆ ಒಳಗೆ ಕಂದು ಗೆರೆಗಳು ಕಾಣುತ್ತವೆ. ಬಿಸಿಲಲ್ಲಿ ಸಾಲು ಸಾಲು ನಡೆದು ಸತ್ತದ್ದೆಷ್ಟು, ಉಳಿದದ್ದೆಷ್ಟು ಎಂದು ಎಣಿಸುವ ಈ ಕೆಲಸಕ್ಕೆ ತಾಳ್ಮೆ ಬೇಕು. ಇಲ್ಲಿನ ರೈತರು ದಶಕಗಳಿಂದ ಬಿತ್ತಿದ ಮಾರುತಿ, ಕಲಬುರಗಿಯ ಸಂಶೋಧನಾ ಕೇಂದ್ರದಿಂದ ಬಂದ ಟಿಎಸ್-3ಆರ್ ತಳಿಗಳ ಹಿಂದೆ ಇರುವುದು ಇಂಥದ್ದೇ ಎಣಿಕೆ.

ಇದೇ ತೊಗರಿಯನ್ನು ಕೊಠಡಿಯೊಳಗೂ ಅಧ್ಯಯನ ಮಾಡಬಹುದು. ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ನೇತೃತ್ವದಲ್ಲಿ ತೊಗರಿಯ ಜೀನೋಮ್, ಅಂದರೆ ವಂಶವಾಹಿಗಳ ಪೂರ್ಣ ವಿವರ, ಬಿಡಿಸಿದ್ದು 2011ರಲ್ಲಿ. ಆ ಸಂಸ್ಥೆ ಇರುವುದು ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ, ಬೀದರಿನವರಿಗಂತೂ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ವಂಶವಾಹಿಯ ದಾರಿ ಹಿಡಿದರೆ ಹಂಗಾಮಿನ ಹಂಗು ಕಡಿಮೆಯಾಗುತ್ತದೆ, ಖರ್ಚು ಮತ್ತು ಕಂಪ್ಯೂಟರ್ ಕಲಿಕೆ ಹೆಚ್ಚುತ್ತದೆ. ಕೆಲಸ ಹುಡುಕುವಾಗ ಇದರ ವ್ಯಾಪ್ತಿಯೂ ದೊಡ್ಡದು. ಆದರೂ ರೈತನ ಹೊಲದಲ್ಲಿ ನಿಂತು ಗಿಡ ನೋಡಿ ರೋಗ ಹೇಳಬಲ್ಲವರು ಕಡಿಮೆಯಾಗುತ್ತಿದ್ದಾರೆ ಎಂಬ ಚಿಂತೆ ನನಗಿದೆ. ಗೊಡ್ಡು ರೋಗವನ್ನೇ ನೋಡಿ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಹರಡುವ ಈ ರೋಗದಲ್ಲಿ ಗಿಡ ಹಸಿರಾಗಿ ಪೊದೆಯಂತೆ ಬೆಳೆದು ಹೂ ಬಿಡದೆ ನಿಲ್ಲುತ್ತದೆ. ಅದನ್ನು ಊರೂರು ಸುತ್ತಿ ಗುರುತಿಸುವ ಕೆಲಸ ಯಂತ್ರದಿಂದ ಆಗುವುದಿಲ್ಲ.

ಪಶುವೈದ್ಯಕೀಯವನ್ನು ಈ ಹೋಲಿಕೆಯಲ್ಲಿ ಎಲ್ಲರ ಮುಂದೆ ಇಡಲಾಗದು. ಆ ಪದವಿಯನ್ನೇ ಓದಿ ಬಂದವರಿಗೆ ಮಾತ್ರ ಬಾಗಿಲು ತೆರೆದಿರುತ್ತದೆ. ಓದಿದವರಿಗೆ ಬೀದರ್ ಗಡಿಯ ದೇವಣಿ ದನ ಒಳ್ಳೆಯ ವಿಷಯ.

ಪ್ರಯೋಗಾಲಯ: ಸಮಯ ನಿಮ್ಮದು, ಯಂತ್ರ ನಿಮ್ಮದಲ್ಲ

ರಸಾಯನಶಾಸ್ತ್ರ, ಭೌತಶಾಸ್ತ್ರದವರಿಗೆ ದೊಡ್ಡ ಅನುಕೂಲವೊಂದಿದೆ. ಇಂದು ಕೆಟ್ಟ ಪ್ರಯೋಗವನ್ನು ನಾಳೆಯೇ ಮತ್ತೆ ಮಾಡಬಹುದು, ಮುಂದಿನ ಜೂನ್‌ವರೆಗೆ ಕಾಯಬೇಕಿಲ್ಲ. ಆದರೆ ತಯಾರಿಸಿದ ವಸ್ತು ಏನೆಂದು ಸಾಬೀತುಪಡಿಸುವ ಯಂತ್ರ ನಿಮ್ಮ ವಿಭಾಗದಲ್ಲಿ ಇಲ್ಲದಿದ್ದರೆ ಮಾದರಿಯನ್ನು ಹೊರಗೆ ಕಳುಹಿಸಿ, ಶುಲ್ಕ ಕಟ್ಟಿ, ವರದಿ ಬರುವ ದಾರಿ ಕಾಯಬೇಕು. ಸೇರುವ ಮುನ್ನ ಆ ವಿಭಾಗದ ಹಿರಿಯ ಸಂಶೋಧಕರನ್ನು ಕೇಳಿ: ಮಾದರಿಗಳನ್ನು ಎಲ್ಲಿಗೆ ಕಳುಹಿಸುತ್ತೀರಿ, ವರದಿಗೆ ಎಷ್ಟು ವಾರ ಹಿಡಿಯುತ್ತದೆ, ಶುಲ್ಕ ಯಾರ ಕಿಸೆಯಿಂದ? ಈ ಮೂರಕ್ಕೆ ನೇರ ಉತ್ತರ ಸಿಗದಿದ್ದರೆ ಬೇರೆ ಪ್ರಯೋಗಾಲಯ ನೋಡುವುದು ಒಳ್ಳೆಯದು.

ರಸಾಯನಶಾಸ್ತ್ರದಲ್ಲಿ ಒಂದೇ ಬಗೆಯ ವಿಷಯಗಳು ತುಂಬಿಹೋಗಿವೆ. ಸಣ್ಣ ಬದಲಾವಣೆ ಮಾಡಿ ಹೊಸ ಸಂಯುಕ್ತ ತಯಾರಿಸಿ, ಬ್ಯಾಕ್ಟೀರಿಯಾ ಮೇಲೆ ಪರೀಕ್ಷಿಸಿ ಮುಗಿಸುವ ಪ್ರಬಂಧಗಳು ಬೇಕಾದಷ್ಟಿವೆ. ಇಲ್ಲಿನದೇ ಪ್ರಶ್ನೆ ಬೇಕೆನ್ನುವವರು ಬಿದರಿ ಕಲೆಯನ್ನೊಮ್ಮೆ ನೋಡಲಿ. ಹೆಚ್ಚು ಸತುವು, ಸ್ವಲ್ಪ ತಾಮ್ರ ಸೇರಿದ ಪಾತ್ರೆಗೆ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿದ ಬಿಸಿ ನೀರಿನಲ್ಲಿ ಅದ್ದುತ್ತಾರೆ. ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಣ್ಣಿನ ಯಾವ ಲವಣ ಈ ಕೆಲಸ ಮಾಡುತ್ತದೆ, ಕೋಟೆಯೊಳಗಿನ ಹಳೆಯ ಮಣ್ಣು ತೀರಿದರೆ ಏನು ಗತಿ ಎಂಬುದು ಕುಶಲಕರ್ಮಿಗಳ ಅನ್ನದ ಪ್ರಶ್ನೆಯೂ ಹೌದು. ಆಳಕ್ಕಿಳಿದು ಮಾಡುವ ಕೆಲಸ ಅಲ್ಲಿ ಇನ್ನೂ ಬಹಳವಿದೆ.

ಗಣಿತಕ್ಕೆ ಹೊಲವೂ ಬೇಡ, ಯಂತ್ರವೂ ಬೇಡ. ಖರ್ಚು ಎಲ್ಲಕ್ಕಿಂತ ಕಡಿಮೆ, ಒಂಟಿತನ ಎಲ್ಲಕ್ಕಿಂತ ಹೆಚ್ಚು. ಸಂಸ್ಕೃತವೂ ಬರುವ ಗಣಿತದ ವಿದ್ಯಾರ್ಥಿಯಾದರೆ ಗಣಿತದ ಇತಿಹಾಸವೆಂಬ ಅಪರೂಪದ ದಾರಿ ಇದೆ. ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದದ್ದು ಒಂಬತ್ತನೆಯ ಶತಮಾನದಲ್ಲಿ, ಮಾನ್ಯಖೇಟದ ಅಮೋಘವರ್ಷನ ಕಾಲದಲ್ಲಿ. ಅದೇ ಆಸ್ಥಾನದಲ್ಲಿ ಶ್ರೀವಿಜಯನ ‘ಕವಿರಾಜಮಾರ್ಗ’ವೂ ಹುಟ್ಟಿತು. ಆ ಮಾನ್ಯಖೇಟವೇ ಸೇಡಂ ತಾಲ್ಲೂಕಿನ ಇಂದಿನ ಮಳಖೇಡ. ಗಣಿತ ಬಲ್ಲವರಿಗೆ ಸಂಸ್ಕೃತ ಬರುವುದಿಲ್ಲ, ಸಂಸ್ಕೃತ ಬಲ್ಲವರಿಗೆ ಗಣಿತ ಬೇಡ. ಎರಡೂ ಬಲ್ಲ ಒಬ್ಬರು ಈ ನೆಲದಿಂದ ಬರಬೇಕೆಂಬುದು ನನ್ನ ಬಹುದಿನದ ಆಸೆ.

ಕಲ್ಲು, ಶಾಸನ, ದಫ್ತರ

ಇತಿಹಾಸ ಎಂದೊಡನೆ ಮೂರು ಬೇರೆ ಬೇರೆ ಕೆಲಸಗಳನ್ನು ನಾವು ಒಂದೇ ಹೆಸರಿನಲ್ಲಿ ಕರೆಯುತ್ತೇವೆ. ಇವುಗಳನ್ನು ಬಿಡಿಸಿ ನೋಡದೆ ‘ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತೇನೆ’ ಎನ್ನುವುದರಲ್ಲಿ ಅರ್ಥವಿಲ್ಲ.

ಮೊದಲನೆಯದು ಬರವಣಿಗೆ ಹುಟ್ಟುವ ಮುಂಚಿನದು. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ದಶಕಗಟ್ಟಲೆ ಕೆಲಸ ಮಾಡಿದರು. ಅಲ್ಲಿನ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲು ಒಡೆದು ಕೈಗೊಡಲಿ ತಯಾರಿಸುತ್ತಿದ್ದ ತಾಣ ಸಿಕ್ಕಿತು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದಿನದೆಂದು ಲೆಕ್ಕ ಹಾಕಲಾಗಿದೆ. ಈ ಕೆಲಸ ಹೆಸರಿಗೆ ಮಾನವಿಕ. ಮಾಡುವವರಿಗೆ ಬೇಕಾದದ್ದು ಭೂವಿಜ್ಞಾನ, ಅಳತೆ, ಕಾಲನಿರ್ಣಯದ ಭೌತಶಾಸ್ತ್ರ. ಉತ್ಖನನಕ್ಕೆ ಪುರಾತತ್ವ ಇಲಾಖೆಯ ಪರವಾನಗಿ ಬೇಕು. ಒಬ್ಬ ವಿದ್ಯಾರ್ಥಿ ತಾನಾಗಿ ಗುದ್ದಲಿ ಹಿಡಿಯುವಂತಿಲ್ಲ, ಸಂಸ್ಥೆಯ ತಂಡದ ಜೊತೆ ಹೋಗಬೇಕು.

ಎರಡನೆಯದು ಶಾಸನ. ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಗುಡಿಯ ಛಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಾಣಿಸಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪಫಲಕವೇ ಸಿಕ್ಕಿತು. ಚಿತ್ತಾಪುರದ ಬಳಿಯ ನಾಗಾವಿಯ 1058ರ ಶಾಸನದಲ್ಲಿ ಅಲ್ಲಿನ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದ ಆರು ಮಂದಿ ಸರಸ್ವತೀ ಭಂಡಾರಿಗರ, ಅಂದರೆ ಗ್ರಂಥಪಾಲಕರ, ಉಲ್ಲೇಖವಿದೆ. ಇಂಥ ಕಲ್ಲುಗಳನ್ನು ಓದುವ ಆಸೆ ಇರುವವರು ಒಮ್ಮೆ ಪಡಿಯಚ್ಚು ತೆಗೆಯುವುದನ್ನು ನೋಡಲಿ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬಿರುಸಾದ ಬ್ರಷ್‌ನಿಂದ ಬಡಿಯುತ್ತಾ ಹೋದರೆ ಕಾಗದ ಅಕ್ಷರದ ತಗ್ಗಿನೊಳಕ್ಕೆ ಇಳಿಯುತ್ತದೆ. ಅರೆ ಒಣಗಿದ ಮೇಲೆ ಮಸಿಯ ಉಂಡೆಯನ್ನು ಹಗುರವಾಗಿ ಒತ್ತಿದರೆ ಮೇಲ್ಮೈ ಕಪ್ಪಾಗಿ ಅಕ್ಷರ ಬೆಳ್ಳಗೆ ನಿಲ್ಲುತ್ತದೆ. ಕಾಗದ ಪೂರ್ತಿ ಒದ್ದೆಯಿದ್ದರೆ ಮಸಿ ಹರಡಿ ಅಕ್ಷರ ಹಾಳು, ಪೂರ್ತಿ ಒಣಗಿದರೆ ಕಾಗದ ಕಿತ್ತು ಬರುತ್ತದೆ. ಈ ಕೆಲಸ ಹಿಡಿಸಿದರೆ ಮುಂದಿನ ಕಷ್ಟವನ್ನೂ ತಿಳಿದುಕೊಳ್ಳಿ. ಬ್ರಾಹ್ಮಿ ಲಿಪಿ, ಪ್ರಾಕೃತ, ಹಳಗನ್ನಡ ಇವನ್ನು ಪಿಎಚ್.ಡಿ.ಗೆ ಸೇರಿದ ಮೇಲೆ ಕಲಿಯುತ್ತೇನೆಂದರೆ ಆರು ವರ್ಷ ಸಾಲುವುದಿಲ್ಲ. ಎಂ.ಎ. ಎರಡನೆಯ ವರ್ಷದಲ್ಲೇ ಶುರು ಮಾಡಬೇಕು.

ಮೂರನೆಯದು ದಫ್ತರ. ನನ್ನನ್ನು ಕೇಳಿದರೆ, ಈ ಮೂರು ಜಿಲ್ಲೆಗಳ ವಿದ್ಯಾರ್ಥಿಗಳಿಗೆ ಇದಕ್ಕಿಂತ ದೊಡ್ಡ ಅವಕಾಶ ಮತ್ತೊಂದಿಲ್ಲ. 1948ರವರೆಗೆ ನಾವು ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಆಡಳಿತದ ಭಾಷೆ 1880ರ ದಶಕದವರೆಗೆ ಫಾರ್ಸಿ, ಆಮೇಲೆ ಉರ್ದು. ನಮ್ಮ ಊರುಗಳ ಜಮೀನು, ಕಂದಾಯ, ಬರ, ಶಾಲೆಗಳ ಹಳೆಯ ಕಾಗದಪತ್ರಗಳನ್ನು ಹುಡುಕಿಕೊಂಡು ಹೋಗಬೇಕಾದದ್ದು ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರಕ್ಕೆ. ಕನ್ನಡದವರು ಆ ಲಿಪಿ ಓದಲಾರರು, ಉರ್ದು ಬಲ್ಲವರಿಗೆ ನಮ್ಮ ಊರುಗಳ ವಿಷಯದಲ್ಲಿ ಆಸಕ್ತಿ ಕಡಿಮೆ. ಹೀಗೆ ಸ್ವಂತ ನಾಡಿನ ಚರಿತ್ರೆ ಓದುವವರಿಲ್ಲದೆ ಉಳಿದಿದೆ. ಕಲಬುರಗಿಯ ಬೀದಿಗಳಲ್ಲಿ ದಖನಿ ಉರ್ದು ಕೇಳುತ್ತಾ ಬೆಳೆದ ಹುಡುಗಿಗೋ ಹುಡುಗನಿಗೋ ಆ ಭಾಷೆಯ ಅರ್ಧ ಈಗಾಗಲೇ ಗೊತ್ತಿರುತ್ತದೆ. ಕಲಿಯಬೇಕಿರುವುದು ಲಿಪಿ ಮತ್ತು ಕಚೇರಿ ಭಾಷೆಯ ಬಿಗಿ. ಧಾರವಾಡ, ಮೈಸೂರಿನ ವಿದ್ಯಾರ್ಥಿಗೆ ಇಲ್ಲದ ಈ ಅನುಕೂಲವನ್ನು ನಮ್ಮವರು ಬಿಟ್ಟುಕೊಡುತ್ತಿರುವುದು ನನಗೆ ನಿಜವಾಗಿ ನೋವಿನ ವಿಷಯ.

ಹಾಡು ಮತ್ತು ಮಾತು

ಕನ್ನಡ ಸಾಹಿತ್ಯದಲ್ಲಿ ಪಿಎಚ್.ಡಿ.ಗೆ ಅರ್ಜಿಗಳು ಹೆಚ್ಚು, ಹಳಸಿದ ವಿಷಯಗಳೂ ಹೆಚ್ಚು. ಕವಿಯೊಬ್ಬರ ಹೆಸರಿಗೆ ‘ಒಂದು ಅಧ್ಯಯನ’ ಎಂದು ಸೇರಿಸುವ ಮುನ್ನ ಶೋಧಗಂಗಾ ಜಾಲತಾಣದಲ್ಲಿ ಅದೇ ಹೆಸರನ್ನು ಹುಡುಕಿ ನೋಡಿ. ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಅಚ್ಚಾದ ಕೃತಿಗಳ ಮೇಲಿನ ಕೆಲಸಕ್ಕೂ ಬಾಯಿಂದ ಬಾಯಿಗೆ ಬಂದ ಪದಗಳ ಮೇಲಿನ ಕೆಲಸಕ್ಕೂ ಬಹಳ ಅಂತರವಿದೆ. ಕಡಕೋಳ ಮಡಿವಾಳಪ್ಪನವರ ತತ್ವಪದವೊಂದನ್ನು ಎರಡು ಊರಿನ ಭಜನಾ ಮಂಡಳಿಗಳಲ್ಲಿ ಕೇಳಿದರೆ ಸಾಲುಗಳು ಬೇರೆಯಾಗಿರಬಹುದು, ಒಂದು ನುಡಿ ಬಿಟ್ಟುಹೋಗಿರಬಹುದು, ಅಂಕಿತವೇ ಬದಲಾಗಿರಬಹುದು. ಇದರಲ್ಲಿ ಯಾವುದು ಸರಿ ಎಂದು ತೀರ್ಪು ಕೊಡುವ ಆತುರ ಬೇಡ. ಯಾರು, ಎಲ್ಲಿ, ಯಾವಾಗ, ಯಾರಿಂದ ಕಲಿತು ಹಾಡಿದರು ಎಂದು ಬರೆದಿಟ್ಟುಕೊಳ್ಳುವುದೇ ಸಂಶೋಧನೆಯ ಅರ್ಧ ಭಾಗ. ಧ್ವನಿ ಮುದ್ರಿಸುವ ಮುನ್ನ ಹಾಡುವವರ ಒಪ್ಪಿಗೆ ಪಡೆಯಿರಿ, ಮುದ್ರಿಸಿದ್ದರ ಪ್ರತಿಯನ್ನು ಅವರಿಗೂ ಕೊಡಿ. ಭಜನೆ ನಡೆಯುವುದು ರಾತ್ರಿ. ಸಂಗಡ ಯಾರು ಬರುತ್ತಾರೆ, ಉಳಿಯುವುದೆಲ್ಲಿ ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು, ಹೆಣ್ಣುಮಕ್ಕಳಂತೂ ಮಾರ್ಗದರ್ಶಕರ ಜೊತೆ ಇದನ್ನು ಸಂಕೋಚವಿಲ್ಲದೆ ಮಾತಾಡಬೇಕು.

ಸಮಾಜಶಾಸ್ತ್ರವೋ ಅರ್ಥಶಾಸ್ತ್ರವೋ ಎಂದು ತೂಗುವವರಿಗೆ ಒಂದು ಮಾತು. ಅಂಕಿಅಂಶದಿಂದ ಕೆಲಸ ಮಾಡುವುದಾದರೆ ಇರುವ ಅಂಕಿಅಂಶ ಎಷ್ಟು ಹಳೆಯದೆಂದು ನೋಡಿ. ಸಾಕ್ಷರತೆಯಲ್ಲಿ ಯಾದಗಿರಿ ಶೇ 51.83, ಕಲಬುರಗಿ ಶೇ 64.85, ಬೀದರ್ ಶೇ 70.51 ಎಂಬ ಅಂಕಿಗಳು 2011ರ ಜನಗಣತಿಯವು. ಆಗ ಹುಟ್ಟಿದ ಮಗು ಈಗ ಪ್ರೌಢಶಾಲೆ ಮೆಟ್ಟಿಲು ಹತ್ತಿಯಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಜಿಲ್ಲಾವಾರು ಮಾಹಿತಿ ಇದೆ, ಆದರೆ ತಾಂಡಾ ಮಟ್ಟದ್ದು ನಿಮಗೆ ಬೇಕಾದರೆ ನೀವೇ ಮನೆ ಮನೆ ತಿರುಗಬೇಕು. ಆಗ ಗುಳೆಯ ಕಾಲ ಗೊತ್ತಿರಲಿ. ಸುಗ್ಗಿ ಮುಗಿದ ಮೇಲೆ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಹೋದವರ ಮನೆಯಲ್ಲಿ ಮುದುಕರು, ಮಕ್ಕಳಷ್ಟೇ ಇರುತ್ತಾರೆ. ಬೇಸಿಗೆಯಲ್ಲಿ ಪ್ರಶ್ನಾವಳಿ ಹಿಡಿದು ಹೋದರೆ ಗುಳೆ ಹೋಗದವರ ಉತ್ತರವೇ ಸಿಗುತ್ತದೆ. ನಮ್ಮ ಭಾಗಕ್ಕೆ ವಿಶೇಷ ಮೀಸಲಾತಿ ಕೊಟ್ಟ ಸಂವಿಧಾನದ 371ಜೆ ವಿಧಿ ಜಾರಿಗೆ ಬಂದು ದಶಕ ದಾಟಿದೆ. ಅದರ ಮೀಸಲಾತಿಯಿಂದ ಸೀಟು, ನೌಕರಿ ಪಡೆದವರ ಮನೆಗಳಲ್ಲಿ ಏನು ಬದಲಾಯಿತು ಎಂಬುದಕ್ಕೆ ಅರ್ಥಶಾಸ್ತ್ರಜ್ಞ ಅಂಕಿ ಕೊಡಬಲ್ಲ, ಸಮಾಜಶಾಸ್ತ್ರಜ್ಞ ಕಾರಣ ಕೊಡಬಲ್ಲ. ಯಾವುದನ್ನು ಕೊಡುವಾಗ ನಿಮ್ಮ ಮನಸ್ಸು ಅರಳುತ್ತದೆ ಎಂದು ನೋಡಿಕೊಳ್ಳಿ.

ಒಂದೇ ಸುರಂಗ ಬಾವಿ, ನಾಲ್ಕು ವಿಭಾಗ

ವಿಷಯ ಮೆಚ್ಚುಗೆಯಾಗಿದೆ, ವಿಭಾಗ ಯಾವುದೆಂದು ತಿಳಿಯುತ್ತಿಲ್ಲ ಎನ್ನುವವರೂ ಇದ್ದಾರೆ. ಅವರಿಗೆ ಬೀದರಿನ ನೌಬಾದ್ ಕರೇಜ್ ಒಳ್ಳೆಯ ಪರೀಕ್ಷೆ. ಜಂಬಿಟ್ಟಿಗೆಯ ಪದರದಲ್ಲಿ ಇಳಿದ ಮಳೆನೀರನ್ನು ನೆಲದಡಿಯ ಸುರಂಗದ ಮೂಲಕ, ಯಾವ ಎತ್ತುವ ಸಾಧನವೂ ಇಲ್ಲದೆ, ಇಳಿಜಾರಿನ ಬಲದಿಂದಲೇ ಹರಿಸುವ ಬಹಮನಿ ಕಾಲದ ವ್ಯವಸ್ಥೆ ಅದು. ನಡುನಡುವೆ ಮೇಲಿಂದ ಇಳಿಬಿಟ್ಟ ಬಾವಿಗಳಿವೆ.

ನೀರು ಆ ಜಾಗದಲ್ಲೇ ಏಕೆ ನಿಂತಿತು ಎಂಬ ಕುತೂಹಲ ನಿಮ್ಮದಾದರೆ ಭೂವಿಜ್ಞಾನ. ಜಂಬಿಟ್ಟಿಗೆಯ ಕೆಳಗಿನ ಕಪ್ಪುಶಿಲೆಯ ನಕ್ಷೆ, ಸುತ್ತಲಿನ ಬಾವಿಗಳ ನೀರಿನ ಮಟ್ಟ ಬೇಕು. ಮಳೆಗೆ ಮುಂಚೆ, ಮಳೆಯ ನಂತರ ಎಂದು ಕನಿಷ್ಠ ಎರಡು ವರ್ಷ ಅಳೆಯಬೇಕು. ಆ ನೀರು ಇಂದು ಕುಡಿಯಲು ಯೋಗ್ಯವೇ ಎಂಬುದಾದರೆ ರಸಾಯನಶಾಸ್ತ್ರ ಅಥವಾ ಸೂಕ್ಷ್ಮಜೀವಿಶಾಸ್ತ್ರ. ತಿಂಗಳಿಗೊಮ್ಮೆ ಮಾದರಿ ತಂದು ಪರೀಕ್ಷಿಸಿದರೆ ಮೂರು ವರ್ಷದೊಳಗೆ ಮುಗಿಯಬಲ್ಲ ಕೆಲಸ, ನಾಲ್ಕರಲ್ಲಿ ಇದೇ ಸುಲಭ. ಯಾರು ಕಟ್ಟಿಸಿದರು, ಇರಾನಿನಿಂದ ಬಂದವರ ಪಾತ್ರವೇನು ಎಂಬುದಾದರೆ ಇತಿಹಾಸ. ಫಾರ್ಸಿ ಬೇಕು, ದಾಖಲೆ ವಿರಳ, ಹುಡುಕಿದ್ದು ಸಿಗದೆಯೂ ಇರಬಹುದು. ಧೈರ್ಯವಿದ್ದವರು ಹಿಡಿಯಬೇಕು. ನೀರಿನ ಮೇಲೆ ಯಾವ ಓಣಿಗೆ ಹಕ್ಕಿತ್ತು, ಕೊಳವೆ ಬಾವಿ ಬಂದ ಮೇಲೆ ಅದು ಹೇಗೆ ಕೈತಪ್ಪಿತು ಎಂಬುದಾದರೆ ಸಮಾಜಶಾಸ್ತ್ರ. ಇದನ್ನು ಬಲ್ಲ ಹಿರಿಯರು ಇರುವಾಗಲೇ ಮಾಡಬೇಕಾದ ಕೆಲಸವಾದ್ದರಿಂದ ನಾಲ್ಕರಲ್ಲಿ ಇದೇ ತುರ್ತಿನದು.

ಹಣ, ನೌಕರಿ, ಅರೆಕಾಲಿಕ ನೋಂದಣಿ

ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕವರಿಗೆ ವಿಜ್ಞಾನವಾಗಲಿ ಮಾನವಿಕವಾಗಲಿ ಮೂಲ ಮೊತ್ತ ಒಂದೇ. 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000. 2024ರಿಂದ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕಗಳನ್ನು ಪಿಎಚ್.ಡಿ. ಪ್ರವೇಶಕ್ಕೂ ಪರಿಗಣಿಸುತ್ತಿದ್ದಾರೆ. ಆದ್ದರಿಂದ ಎಂ.ಎ. ಕೊನೆಯ ವರ್ಷದಲ್ಲೇ ಪರೀಕ್ಷೆ ಬರೆಯಿರಿ. ಫೆಲೋಶಿಪ್ ಇಲ್ಲದೆ ಸೇರುವವರು ಖರ್ಚಿನ ಪ್ರಯೋಗಾಲಯಕ್ಕಾಗಲಿ ದೂರದ ಕ್ಷೇತ್ರಕಾರ್ಯಕ್ಕಾಗಲಿ ಕೈ ಹಾಕುವ ಮುನ್ನ ಮನೆಯವರ ಜೊತೆ ಕುಳಿತು ಲೆಕ್ಕ ಹಾಕಲಿ.

ಶಾಲೆ, ಕಾಲೇಜಿನಲ್ಲಿ ಈಗಾಗಲೇ ದುಡಿಯುತ್ತಿರುವವರು ಅರೆಕಾಲಿಕವಾಗಿ ನೋಂದಾಯಿಸಬಹುದು, ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಅವರಿಗೆ ಸಾಹಿತ್ಯ, ಶಾಸನ, ಗಣಿತ ಒಗ್ಗುತ್ತವೆ. ದಿನವಿಡೀ ಪ್ರಯೋಗಾಲಯ ಬೇಡುವ ವಿಷಯ ಒಗ್ಗುವುದಿಲ್ಲ, ತೊಗರಿ ಹೊಲವಂತೂ ರಜೆಯ ದಿನಕ್ಕೆ ಕಾಯುವುದಿಲ್ಲ. ನೌಕರಿಯ ಮಟ್ಟಿಗೆ ಹೇಳುವುದಾದರೆ ರಸಾಯನಶಾಸ್ತ್ರ, ಜೀವವಿಜ್ಞಾನ, ಅಂಕಿಅಂಶ ಬಲ್ಲ ಅರ್ಥಶಾಸ್ತ್ರ ಇವಕ್ಕೆ ಕಾಲೇಜಿನ ಹೊರಗೂ ದಾರಿಗಳಿವೆ. ಸಾಹಿತ್ಯ, ಇತಿಹಾಸದವರು ಬಹುತೇಕ ಬೋಧನೆಯನ್ನೇ ನೆಚ್ಚಬೇಕು. ಈ ಸತ್ಯವನ್ನು ಮರೆಮಾಚಿ ಯಾರನ್ನೂ ಹುರಿದುಂಬಿಸಲು ನನಗೆ ಮನಸ್ಸಿಲ್ಲ.

ಮಾರ್ಗದರ್ಶಕರ ವಿಷಯದಲ್ಲಿ ಮಿತಿಯಿದೆ: ಪ್ರಾಧ್ಯಾಪಕರು ಒಂದು ಸಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಯನ್ನು ಮಾತ್ರ ತೆಗೆದುಕೊಳ್ಳಬಹುದು. ಜಾಗ ಖಾಲಿ ಇದೆಯೆಂಬ ಒಂದೇ ಕಾರಣಕ್ಕೆ ವಿಷಯ ಬದಲಿಸಬೇಡಿ. ಬಿದರಿ, ಕರೇಜ್, ದಫ್ತರದಂಥ ಎರಡು ವಿಭಾಗಗಳ ನಡುವಿನ ವಿಷಯವಾದರೆ ಸಹ ಮಾರ್ಗದರ್ಶಕರನ್ನು ಬೇರೆ ವಿಭಾಗದಿಂದಲೋ ಬೇರೆ ಸಂಸ್ಥೆಯಿಂದಲೋ ಪಡೆಯಲು ನಿಯಮದಲ್ಲಿ ಅವಕಾಶವಿದೆ. ಸಂದರ್ಶನಕ್ಕೆ ಹೋಗುವ ಮೊದಲೇ ಆ ಇಬ್ಬರನ್ನೂ ಕಂಡು, ಒಂದೇ ಪುಟದಲ್ಲಿ ನಿಮ್ಮ ಪ್ರಶ್ನೆ, ಪುರಾವೆ ಇರುವ ಸ್ಥಳ, ಅದು ಕೈಗೆ ಸಿಗುವ ತಿಂಗಳುಗಳನ್ನು ಬರೆದು ಕೊಡಿ. ಪುರಾವೆ ಸಿಗುವ ಕಾಲ ನೋಡಿಕೊಂಡು ಒಂದು ವಾರ ಆ ಹೊಲಕ್ಕೋ, ಪತ್ರಾಗಾರಕ್ಕೋ, ಪ್ರಯೋಗಾಲಯಕ್ಕೋ ಹೋಗಿ ಕುಳಿತು, ನೋಡಿದ್ದನ್ನು ಆ ಪುಟದ ಹಿಂಬದಿಗೆ ಬರೆದಿಡಿ.